ಎರಡನೇ ಸಾಲು ಕೇಳಿದ ಕಲಾಯಿ ಚಾಚಾ

ಕಲಾಯಿ ಚಾಚಾನ ಎರಡೂ ಕಾಲಿನ ಹೆಬ್ಬೆರಳುಗಳಿಗೆ ಉಗುರಿರಲಿಲ್ಲ. ಮದುವೆ ಮನೆಯ ದೇಗು ಎಂಬ ದೊಡ್ಡ ತಾಮ್ರದ ಹಂಡೆಗಳೊಳಗೆ ಮರಳು ಸುರಿದು, ಬರಿಗಾಲಲ್ಲಿ ಇಳಿದು, ಗೋಡೆಗೆ ಎರಡೂ ಕೈ ಊರಿ, ಸೊಂಟವನ್ನು ಅತ್ತಿತ್ತ ತಿರುಗಿಸುತ್ತ ಕಾಲಿನಿಂದ ತಳ ತಿಕ್ಕುವುದು ಅವರ ಕೆಲಸದ ಮೊದಲ ಹಂತ. ನಲವತ್ತು ವರ್ಷ ಹಾಗೆ ತಿರುಗಿ ತಿರುಗಿ ಉಗುರು ಸವೆದು, ಬೆರಳ ತುದಿಗಳು ನೆಲ್ಲಿಕಾಯಿಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಬಸವಕಲ್ಯಾಣದ ನಮ್ಮ ಓಣಿಯ ಬೇವಿನ ಗಿಡದ ಕೆಳಗೆ ಅವರು ಭಟ್ಟಿ ಹೂಡಿದರೆಂದರೆ ನಾವು ಹುಡುಗಿಯರು ಆ ಬೆರಳುಗಳನ್ನು ನೋಡಲೆಂದೇ ಓಡುತ್ತಿದ್ದೆವು.

ತಿಕ್ಕಿದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿರುವಾಗಲೇ ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ ಬೆಳಕು. ಅದೇ ಕಲಾಯಿ. ಕೆಲಸದಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಆದರೆ ಓಣಿಯಲ್ಲಿ ಅವರ ಹೆಸರು ನಿಂತದ್ದು ಸಂಶಯಕ್ಕೆ. ಅವ್ವ ಚಹಾ ಕೊಟ್ಟರೆ ಹಾಲು ಯಾವಾಗಿನದು ಎಂದು ಕೇಳುತ್ತಿದ್ದರು. ಬಸ್ಸು ಹುಮನಾಬಾದಿಗೆ ಹೋಗುತ್ತದೆಂದು ಕಂಡಕ್ಟರ್ ಹೇಳಿದರೆ ಡ್ರೈವರನ್ನೂ ಕೇಳಿಯೇ ಹತ್ತುತ್ತಿದ್ದರು. ಯಾರು ಏನೇ ಹೇಳಲಿ, ಅವರದು ಒಂದೇ ಮಾತು: "ಇನ್ನೊಮ್ಮೆ ಹೇಳು." ಎರಡನೇ ಸಲ ಹೇಳುವಾಗ ಒಂದಿಷ್ಟು ಬದಲಾದರೆ ಸಿಕ್ಕಿಬಿದ್ದ ಹಾಗೆ.

ಒಮ್ಮೆ ಅವ್ವ ರೇಗಿ ಅಂದಳು: "ಚಾಚಾ, ನಿಮಗ ನಿಮ್ಮ ನೆರಳಿನ ಮ್ಯಾಲೂ ನಂಬಿಗಿ ಇಲ್ಲ ನೋಡ್ರಿ."

"ಮಧ್ಯಾಹ್ನ ಗಿಡ್ಡ ಇರ್ತದ, ಸಂಜಿಗಿ ಉದ್ದ ಆಗ್ತದ. ಅದಕ್ಕ ಹ್ಯಾಂಗ ನಂಬೂದು ಬಾಯಿ?" ಎಂದು ಅವರು ತಲೆ ಎತ್ತದೆ ತಿಕ್ಕುತ್ತಲೇ ಇದ್ದರು.

ದಿನಬಳಕೆಯ ಪಾತ್ರೆಗೆ ಅವರದು ಒಂದು ವರ್ಷದ ಗ್ಯಾರಂಟಿ. ಅದಕ್ಕೂ ಮೊದಲು ಕಲಾಯಿ ಹೋದರೆ ಪುಕ್ಕಟೆ ಮಾಡಿಕೊಡಬೇಕು. ಜನ ಹಳೆಯದನ್ನು ಹೊಸದೆಂದು ಹೇಳಿ ಟೋಪಿ ಹಾಕಿಯಾರೆಂದು ಪ್ರತಿ ಪಾತ್ರೆಯ ತಳದಂಚಿಗೆ ಚಿಕ್ಕ ಚಾಣದಿಂದ ಗೀರು ಕೊರೆಯುತ್ತಿದ್ದರು. ರಂಜಾನ್ ಕಳೆದು ಎಷ್ಟನೇ ತಿಂಗಳೋ ಅಷ್ಟು ಗೀರು, ವರ್ಷ ತಿರುಗಿದರೆ ಪಕ್ಕಕ್ಕೊಂದು ಚುಕ್ಕಿ. ಈ ಲೆಕ್ಕದ ಮುಂದೆ ಯಾವ ಗೃಹಿಣಿಯ ವಾದವೂ ನಡೆಯುತ್ತಿರಲಿಲ್ಲ.

ಅವರ ಒಬ್ಬಳೇ ಮಗಳನ್ನು ಹುಮನಾಬಾದಿನ ಕೈಗಾರಿಕಾ ಪ್ರದೇಶದ ಹಿಂದಿನ ವಾಡಿಗೆ, ಅಂದರೆ ಒಂದು ಸಣ್ಣ ಹಳ್ಳಿಗೆ, ಕೊಟ್ಟಿದ್ದರು. ಹೆಂಡತಿ ತೀರಿದ ಮೇಲೆ ಚಾಚಾ ವಾರದ ಅರ್ಧ ಇಲ್ಲಿ, ಉಳಿದರ್ಧ ಅಲ್ಲಿ. ಆ ವಾಡಿಯಲ್ಲಿಯೇ ನಾನು ಅವರನ್ನು ಓಣಿಯ ಹುಡುಗಿಯಾಗಿ ಅಲ್ಲದೆ ಬೇರೆ ವೇಷದಲ್ಲಿ ಭೇಟಿಯಾದೆ.

ಆಗ ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಹೈದರಾಬಾದಿನ ಒಂದು ಸಲಹಾ ಕಂಪನಿಯವರು ಅನುವಾದಕ್ಕೆಂದು ದಿನಗೂಲಿಯ ಮೇಲೆ ಕರೆಯುತ್ತಿದ್ದರು. ವಾಡಿಯ ಪಕ್ಕದ ಔಷಧಿ ಕಾರ್ಖಾನೆಯನ್ನು ದೊಡ್ಡದು ಮಾಡುತ್ತಿದ್ದರು. ಅದಕ್ಕೆ ಸಾಲ ಕೊಡುವುದು ಹೊರದೇಶದ ಒಂದು ಬ್ಯಾಂಕು. ಕೊಡುವ ಮೊದಲು ಸುತ್ತಲಿನ ಜನರಿಗೆ ಯೋಜನೆ ತಿಳಿಸಿ ಅವರ ಅಭಿಪ್ರಾಯ ಕೇಳಬೇಕೆಂದು ಆ ಬ್ಯಾಂಕಿನದೇ ನಿಯಮ. ಹಾಗೆ ಕೇಳುವ ಗುತ್ತಿಗೆ ನಮ್ಮ ಕಂಪನಿಯದು.

ವಾಡಿಯ ಸಭಾಭವನದಲ್ಲಿ ಸಭೆ. ಬ್ಯಾಂಕಿನಿಂದ ಒಬ್ಬ ಅಧಿಕಾರಿಣಿ ಬಂದಿದ್ದರು, ನಮ್ಮ ಕಂಪನಿಯ ಸಾಹೇಬರು ಇದ್ದರು. ಚಹಾ, ಭಜಿ ಆಯಿತು. ಎಲ್ಲ ಮುಗಿಯುವಾಗ ಚಾಚಾ ಎದ್ದು ಕೇಳಿದರು: "ಇದಕ್ಕೆಲ್ಲಾ ರೊಕ್ಕ ಯಾರ್ದು?" ಅಧಿಕಾರಿಣಿ ನಕ್ಕು ಬ್ಯಾಂಕಿನ ಹೆಸರು ಹೇಳಿದರು. ಚಾಚಾ ಎರಡನೇ ಸಲ ಹೇಳಿಸಿದರು. ಅದೂ ಸರಿಹೋಯಿತು.

ಆಮೇಲೆ ನಾನು ಸಹಿ ಮಾಡಿಸುವ ಹಾಳೆ ಹಿಡಿದು ಹೊರಟೆ. ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲಿತ್ತು. ಮೊದಲನೆಯದು, ಸಭೆಗೆ ಬಂದವರ ಹಾಜರಿ. ಎರಡನೆಯದು, ಕೆಳಗೆ ಸಹಿ ಮಾಡಿದವರಿಗೆ ಯೋಜನೆ ಅರ್ಥವಾಗಿದೆ, ಅವರ ತಕರಾರಿಲ್ಲ. ನಾನದನ್ನು ಓದಿದ್ದೆ. ಇಂದಿಗೂ ನಾಚಿಕೆಯಿಂದ ಹೇಳುತ್ತೇನೆ, ಪೂರ್ತಿ ಓದಿದ್ದೆ. "ಹಾಜರಿ ಅಂದರೆ ಸಾಕು, ಊಟದ ಹೊತ್ತಾಯಿತು" ಎಂದು ಸಾಹೇಬರು ಕಿವಿಯಲ್ಲಿ ಹೇಳಿದರು. ನಾನು ಬಾಯಿ ತೆರೆದು ಎಲ್ಲರಿಗೂ, "ಹಾಜರಿ ಹಾಕ್ರಿ" ಎಂದೆ. ಜನ ಹಾಕಿದರು. ಕೆಲವರು ಹೆಬ್ಬೆಟ್ಟು ಒತ್ತಿದರು.

ಚಾಚಾನ ಸರದಿ ಬಂತು. ಅವರಿಗೆ ಇಂಗ್ಲಿಷ್ ಬಾರದು. ಹಾಳೆಯನ್ನು ದೂರ ಹಿಡಿದು ನೋಡಿದರು.

"ಮ್ಯಾಲ ಎರಡು ಸಾಲ್ ಬರದಾರ. ನೀ ಹೇಳಿದ್ದು ಒಂದೇ ಶಬ್ದ. ಇನ್ನೊಂದು ಸಾಲಿನಾಗ ಏನದ ಬೇಟಿ?"

"ಏನಿಲ್ರಿ ಚಾಚಾ, ಅದೂ ಹಾಜರಿನೇ."

ಅವರು ನನ್ನ ಮುಖ ನೋಡಿದರು. ಯಾಕೋ ಅಂದು "ಇನ್ನೊಮ್ಮೆ ಹೇಳು" ಅನ್ನಲಿಲ್ಲ. "ಚಹಾ ಕುಡದೀನಿ, ದಸ್ತಖತ್ ಮಾಡಂಗಿಲ್ಲ" ಎಂದು ಹಾಳೆ ವಾಪಸು ಕೊಟ್ಟು ಚಪ್ಪಲಿ ಮೆಟ್ಟಿ ಹೋದರು. ಬ್ಯಾಂಕಿನ ಅಧಿಕಾರಿಣಿ ಎರಡು ಮಾರು ದೂರದಲ್ಲಿ ನಿಂತು ಇದನ್ನು ನೋಡುತ್ತಿದ್ದರು. ಅವರು ಏನಾಯಿತೆಂದು ಕೇಳಲಿಲ್ಲ.

ಕಾರ್ಖಾನೆ ದೊಡ್ಡದಾಯಿತು. ಹಿಂಬದಿಗೆ ತ್ಯಾಜ್ಯ ನೀರಿನ ಹೊಂಡ ತೋಡಿದರು. ಮರು ವರ್ಷದಿಂದ ವಾಡಿಯ ಪಾತ್ರೆಗಳು ಚಾಚಾನ ಬಳಿ ಬೇಗ ಬೇಗ ತಿರುಗಿ ಬರತೊಡಗಿದವು. ವರ್ಷ ಬಾಳಬೇಕಾದ ಕಲಾಯಿ ಎರಡು ತಿಂಗಳಿಗೆ ಕಪ್ಪಾಗುತ್ತಿತ್ತು. ತಳದ ಗೀರು ಸುಳ್ಳು ಹೇಳುವಂತಿರಲಿಲ್ಲ, ಹಾಗಾಗಿ ಪುಕ್ಕಟೆ ಮಾಡಿಕೊಡಬೇಕು. ಮೊದಲು ಅವರು ಸಂಶಯಪಟ್ಟದ್ದು ತವರ ಮಾರುವ ಅಂಗಡಿಯವನನ್ನು. ಸೀಸ ಬೆರೆಸಿದ್ದೀ ಎಂದು ಬಸವಕಲ್ಯಾಣದ ಬಜಾರದಲ್ಲಿ ನಿಂತು ಕೂಗಾಡಿದರು. ನಂತರ ಸ್ವಂತ ಮಗಳನ್ನು, ಹುಣಸೆಹುಳಿ ಕಲಸಿಟ್ಟು ಮರೆಯುತ್ತಾಳೆಂದು. ಆಕೆ ಅತ್ತು ಕರೆದು ರಾದ್ಧಾಂತ ಮಾಡಿದ ಮೇಲೆ ತಮ್ಮ ಕೈಯನ್ನೇ ಸಂಶಯಪಟ್ಟರು. ಕೊನೆಗೆ ಒಂದೇ ತವರದ ಕಡ್ಡಿಯಿಂದ ಒಂದೇ ದಿನ ಎರಡು ಹಿತ್ತಾಳೆ ತಪ್ಪೇಲಿಗಳಿಗೆ ಕಲಾಯಿ ಹಾಕಿ, ಎರಡನ್ನೂ ಬಸವಕಲ್ಯಾಣದ ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು. ಒಂದರಲ್ಲಿ ನಮ್ಮೂರಿನ ನೀರು. ಇನ್ನೊಂದರಲ್ಲಿ ಮಗಳ ಮನೆಯ ಬಾವಿಯ ನೀರು, ಬಸ್ಸಿನಲ್ಲಿ ಕ್ಯಾನು ಹೊತ್ತು ತಂದದ್ದು. ದಿನಾ ಎರಡನ್ನೂ ಕುದಿಸುತ್ತಿದ್ದರು.

ಒಂದು ಮಧ್ಯಾಹ್ನ ಆ ಎರಡೂ ತಪ್ಪೇಲಿಗಳನ್ನು ನಮ್ಮ ಪಡಸಾಲೆಯಲ್ಲಿ ತಂದಿಟ್ಟರು. ಒಂದು ಫಳಫಳ, ಇನ್ನೊಂದರ ಒಳಗೆ ಮಸಿ ಬಳಿದ ಹಾಗೆ.

"ಬ್ಯಾಂಕಿಗಿ ಒಂದು ಕಾಗಜ್ ಬರಿ ಬೇಟಿ."

"ಯಾವ ಬ್ಯಾಂಕಿಗ್ರಿ?"

ಅವರು ಆ ಪರದೇಶಿ ಹೆಸರನ್ನು ಒಂದಕ್ಷರ ತಪ್ಪದೆ ಹೇಳಿದರು.

"ಕಾರ್ಖಾನಿಯವರಿಗೇ ಕೇಳಬಹುದಲ್ರಿ ಚಾಚಾ?"

"ಕೇಳೀನಿ. ಸರಕಾರಿ ಕಚೇರಿಗೂ ಅರ್ಜಿ ಕೊಟ್ಟೀನಿ. ಎಲ್ಲಾರೂ ನೋಡೋಣು ಅಂತಾರ. ಶಾದಿ ಮನ್ಯಾಗ ಅಡಗಿ ಕೆಟ್ರ ಬಾವರ್ಚಿಗಿ ಬೈದು ಏನ್ ಬಂತು? ಅವ ದೇಗು ಮುಚ್ಚಿ ಹೋಗ್ತಾನ. ಅವನ್ನ ಕರಸಿದ ಯಜಮಾನನ್ನ ಹಿಡೀಬೇಕು. ರೊಕ್ಕ ಕೊಡೋ ಮೊದಲ ನಮ್ಮನ್ನ ಕೇಳ್ಯಾರೋ ಇಲ್ಲೋ, ಅಷ್ಟ ಕೇಳು."

ಅಷ್ಟನ್ನೇ ಕೇಳಲು ನನಗೆ ಧೈರ್ಯವಿರಲಿಲ್ಲ. ಬ್ಯಾಂಕಿನಲ್ಲಿ ದೂರು ವಿಚಾರಿಸಲೆಂದೇ ಒಂದು ವಿಭಾಗವಿದೆಯೆಂದು ನನಗೆ ಗೊತ್ತಿತ್ತು. ಅದರ ವಿಳಾಸ ನಮ್ಮ ಕಂಪನಿಯ ವರದಿಯ ಕಟ್ಟಕಡೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಇತ್ತು. ಅದೇ ವರದಿಯಲ್ಲಿ ಇಡೀ ವಾಡಿಯ ಒಪ್ಪಿಗೆ ಇದೆಯೆಂದು ಬರೆದು ಆ ಸಹಿಯ ಹಾಳೆ ಲಗತ್ತಿಸಿದ್ದರು. ದೂರು ಹೋದರೆ ಹಾಳೆ ಹೊರಬರುತ್ತದೆ, ಹಾಳೆಯ ಹಿಂದೆ ನಾನು.

"ಅನುವಾದದ ಕಾಗದ ಭಾಳ ಅವರಿ ಚಾಚಾ, ಪುರುಸೊತ್ತಿಲ್ಲ" ಎಂದೆ.

"ಇನ್ನೊಮ್ಮೆ ಹೇಳು."

"ಅವ್ವಗ ಆರಾಮಿಲ್ರಿ..." ಎಂದು ನಾನು ತೊದಲುತ್ತಿರುವಾಗಲೇ ಅವ್ವ ಒಳಗಿನಿಂದ ಚಹಾದ ತಟ್ಟೆ ಹಿಡಿದು ನೆಟ್ಟಗೆ ನಡೆದುಬಂದಳು.

ಚಾಚಾ ಚಹಾ ಕುಡಿದರು. ಹಾಲು ಯಾವಾಗಿನದೆಂದು ಕೇಳಲಿಲ್ಲ. "ನೀ ಹೆದರಾಕತ್ತಿ" ಎಂದಷ್ಟೇ ಹೇಳಿ, ಕಪ್ಪು ತಪ್ಪೇಲಿಯನ್ನು ನಮ್ಮಲ್ಲೇ ಬಿಟ್ಟು ಹೋದರು.

ವಾರವೊಂದು ಅದು ಪಡಸಾಲೆಯ ಮೂಲೆಯಲ್ಲಿತ್ತು. ಅವ್ವ ಎರಡು ಸಲ ಎತ್ತಿಡಲು ಹೋದಳು, ನಾನು ಬೇಡವೆಂದೆ. ಎಂಟನೇ ದಿನ ಹುಮನಾಬಾದಿನ ಬಸ್ಸು ಹತ್ತಿದೆ. ವಾಡಿಯ ತಿರುವಿನಲ್ಲಿ ಇಳಿದಾಗ ಕಂಡದ್ದು ಚಾಚಾನ ಮಗಳು. ಏಳು ತಿಂಗಳ ಬಸುರಿ, ತಲೆಯ ಮೇಲೊಂದು ಕೊಡ, ಕೈಯಲ್ಲೊಂದು ಕ್ಯಾನು ಹಿಡಿದು ಹೆದ್ದಾರಿಯಾಚೆಯ ಬೋರಿನಿಂದ ನೀರು ತರುತ್ತಿದ್ದಳು. ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು, ಆಕೆ ರಸ್ತೆ ನಡುವಿನ ಕಟ್ಟೆಯ ಮೇಲೆ ನಿಂತು ಕಾಯುತ್ತಿದ್ದಳು.

ಚಾಚಾ ಅಂಗಳದಲ್ಲಿ ದೇಗಿನೊಳಗೆ ನಿಂತು ತಿರುಗುತ್ತಿದ್ದರು. ನಾನು ಕೂರದೆ, ನೀರೂ ಕುಡಿಯದೆ, ಎರಡನೇ ಸಾಲಿನಲ್ಲಿ ಏನಿತ್ತೆಂದು ಹೇಳಿದೆ. ಅವರ ಸೊಂಟ ನಿಂತಿತು.

"ನಂಗ ಅವತ್ತೇ ಶಕ್ ಬಂದಿತ್ತು," ಅಂದರು. "ಖರೇ ಆಗಬಾರ್ದು ಅಂತ ಇದ್ದೆ. ನಮ್ಮ ಓಣಿ ಹುಡುಗಿ ಅಂತ ಇನ್ನೊಮ್ಮೆ ಕೇಳ್ಲಿಲ್ಲ."

ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ದೇಗಿನಿಂದ ಇಳಿದು ಕಾಲಿನ ಮರಳು ಕೊಡವಿಕೊಂಡು, "ಬರಿ. ಮೊದಲ ನಿಂದು ಬರಿ, ಆಮ್ಯಾಲ ನಮ್ಮದು" ಎಂದರು.

ಬರೆದೆ. ಆ ಕನ್ನಡ ಕಾಗದವನ್ನು ಅದೇ ಸಭಾಭವನದಲ್ಲಿ, ಅದೇ ಜನರ ಮುಂದೆ ಓದಿಸಿದರು. ನಾನು ಓದಿ ಮುಗಿಸಿದ ಮೇಲೆ ವಾಡಿಯ ನಿವೃತ್ತ ಪೋಸ್ಟ್‌ಮ್ಯಾನರ ಕೈಗೆ ಕಾಗದ ಕೊಟ್ಟು ಮೊದಲಿನಿಂದ ಓದಲು ಹೇಳಿದರು, ನಾನು ಬರೆದದ್ದನ್ನೇ ಓದಿದೆನೋ ಇಲ್ಲವೋ ನೋಡಲು. ಆ ಅರ್ಧ ತಾಸು ನಾನು ತಲೆ ಎತ್ತಲಿಲ್ಲ. ಹಿಂದಿನಿಂದ ಒಬ್ಬ ಮುದುಕಿ, "ಭಜಿ ಕೊಟ್ಟಿ, ತಿಂದ್ವಿ. ನಿನ್ನ ಮಾತಿಗಿ ಹೆಬ್ಬಟ್ಟು ಒತ್ತಿದ್ವಲ್ಲಾ ತಂಗಿ" ಎಂದಳು.

ಇಂಗ್ಲಿಷಿಗೆ ತಿರುಗಿಸಿ ದೂರು ಕಳಿಸಿದೆ. ನಂತರ ಶುರುವಾದದ್ದು ಪ್ರಶ್ನೆಗಳು. ಒಂದೇ ಪ್ರಶ್ನೆಯನ್ನು ಬ್ಯಾಂಕಿನವರು ಮೂರು ಪತ್ರಗಳಲ್ಲಿ ಮೂರು ಬಗೆಯಾಗಿ ಕೇಳುತ್ತಿದ್ದರು. ಮೊದಮೊದಲು ಚಾಚಾ ಖುಷಿಪಟ್ಟರು, ತಮ್ಮ ಜಾತಿಯವರೇ ಸಿಕ್ಕರೆಂಬಂತೆ. ತಿಂಗಳುಗಳು ಉರುಳಿದಾಗ ಮುಖ ಗಂಟಿಕ್ಕಿದರು. "ನಾ ಕೇಳೂದು ತಿಳ್ಕೊಳ್ಳಾಕ. ಇವರು ಕೇಳೂದು ನಮ್ಮನ್ನ ದಣಸಾಕ." ಇದರ ನಡುವೆ ಮಗಳಿಗೆ ಹೆರಿಗೆಯಾಯಿತು. ಕೂಸಿಗೆ ಎರೆಯುವ ನೀರೂ ಹೆದ್ದಾರಿಯಾಚೆಯಿಂದಲೇ ಬರುತ್ತಿತ್ತು. ಹೈದರಾಬಾದಿನ ಕಂಪನಿಯವರು ನನ್ನನ್ನು ಕರೆಯುವುದು ನಿಲ್ಲಿಸಿದರು.

ಕೊನೆಗೂ ಬ್ಯಾಂಕಿನ ದೂರು ವಿಭಾಗದ ಮೂವರು ಬಂದರು, ಬೆಂಗಳೂರಿನಿಂದ ತಮ್ಮದೇ ಅನುವಾದಕನನ್ನು ಕರೆದುಕೊಂಡು. ಚಾಚಾ ನನ್ನನ್ನು ತಮ್ಮ ಬೆನ್ನ ಹಿಂದೆ ಕೂರಿಸಿಕೊಂಡರು. "ಅವ ಅರ್ಧಾ ಹೇಳಿದ್ರ ನಂಗ ಚೂಟು. ನಿಂಗ ಅದರ ಅನುಭವ ಅದ" ಎಂದರು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಚೂಟುವ ಪ್ರಸಂಗ ಬರಲಿಲ್ಲ, ಆತ ಪ್ರಾಮಾಣಿಕ.

ಅಂಗಳದ ತುಂಬ ವಾಡಿಯ ಪಾತ್ರೆಗಳನ್ನು ಬೋರಲು ಹಾಕಿ ಸಾಲಾಗಿ ಇಟ್ಟಿದ್ದರು. ಕಾರ್ಖಾನೆ ದೊಡ್ಡದಾಗುವ ಮೊದಲು ಗೀರುಗಳ ನಡುವೆ ಒಂದೊಂದು ಚುಕ್ಕಿ. ಆಮೇಲೆ ಚುಕ್ಕಿಯಿಲ್ಲದೆ ಗೀರಿನ ಪಕ್ಕ ಗೀರು, ಗೀರಿನ ಪಕ್ಕ ಗೀರು, ಎರಡು ತಿಂಗಳಿಗೊಂದು ಹೊಸ ಕಲಾಯಿ. ಬಂದವರಲ್ಲೊಬ್ಬ ಮಂಡಿಯೂರಿ ಬೆರಳಿನಿಂದ ಸವರಿ ನೋಡಿ, ಇವನ್ನು ದೂರಿಗಾಗಿ ಈಚೆಗೆ ಕೊರೆದಿಲ್ಲವೆಂಬುದಕ್ಕೆ ಏನು ಆಧಾರ ಎಂದು ಕೇಳಿದ. ವಾಡಿಯವರು ಸಿಟ್ಟಾದರು. ಚಾಚಾ ಮಾತ್ರ ಗೆಲುವಾದರು.

"ಇವಗೂ ಶಕ್ ಅದ, ಚಲೋ ಆತು. ಯಾವುದರೆ ಒಂದು ಪಾತ್ರಿ ನೀನೇ ಆರಿಸ್ಕೊಂಡು ಒಯ್ದು ತಪಾಸ್ ಮಾಡ್ಸು. ಬಾವಿ ನೀರೂ ನೀನೇ ಸೇದ್ಕೋ, ನಾ ಮುಟ್ಟಂಗಿಲ್ಲ."

ಆತ ಹಾಗೆಯೇ ಮಾಡಿದ.

ಕರಡು ವರದಿ ನನ್ನ ಇಮೇಲಿಗೆ ಬಂತು. ವಾಡಿಯವರಿಗೆ ಓದಿ ಹೇಳಿ ಅವರ ಮಾತನ್ನು ತಿಳಿಸಬೇಕಿತ್ತು. ನೀರಿನ ಪರೀಕ್ಷೆ ಪಾತ್ರೆಗಳು ಹೇಳಿದ್ದನ್ನೇ ಹೇಳಿತ್ತು. ಹೊಂಡದ ನೀರು ಇಂಗದಂತೆ ತಳಕ್ಕೆ ಭದ್ರ ಹಾಸು ಹಾಕಿಸಿ, ವಾಡಿಗೆ ನಳದ ನೀರು ಕೊಡುವವರೆಗೆ ಕಾರ್ಖಾನೆಗೆ ಉಳಿದ ಸಾಲ ಬಿಡುಗಡೆ ಮಾಡಬಾರದೆಂಬ ಸಲಹೆಯಿತ್ತು. ಆದರೆ ಜನರನ್ನು ಕೇಳದೆ ಸಾಲ ಕೊಟ್ಟದ್ದು ಹೇಗೆ ಎಂಬಲ್ಲಿಗೆ ಬಂದರೆ ಇದ್ದದ್ದು ಒಂದೇ ಕಾರಣ: ಸ್ಥಳೀಯ ಅನುವಾದಕಿ ಹಾಳೆಯ ಅರ್ಥವನ್ನು ಪೂರ್ತಿ ತಿಳಿಸಲಿಲ್ಲ. ನಮ್ಮ ಸಾಹೇಬರಿಲ್ಲ, ಅಂದು ನಿಂತು ನೋಡಿದ ಅಧಿಕಾರಿಣಿಯಿಲ್ಲ, ಹಾಳೆಯನ್ನು ನಂಬಿ ದುಡ್ಡು ಕೊಟ್ಟ ಬ್ಯಾಂಕಿಲ್ಲ. ಖಂಡಾಂತರದ ಬ್ಯಾಂಕೊಂದನ್ನು ಬಸವಕಲ್ಯಾಣದ ಒಬ್ಬ ದಿನಗೂಲಿ ಹುಡುಗಿ ದಾರಿ ತಪ್ಪಿಸಿದ್ದಳು.

ಆ ಭಾಗವನ್ನು ನಾನು ಬಿಟ್ಟು ಓದಬಹುದಿತ್ತು. ಇಂಗ್ಲಿಷ್ ಓದುವವರು ವಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸುಳ್ಳು ಹೇಳುವುದಿಲ್ಲ, ಬಸ್ಸಿನಲ್ಲಿ ಕುಳಿತು ಹಾಗೆ ಯೋಚಿಸಿದ್ದೆ. ಸಭಾಭವನದಲ್ಲಿ ಚಾಚಾನ ಎದುರು ಕೂತಾಗ ಅದು ಸಾಧ್ಯವಾಗಲಿಲ್ಲ. ಒಂದು ಶಬ್ದ ಬಿಡದೆ ಓದಿದೆ.

"ಖರೇನೇ ಬರದಾರ ಬಿಡು. ನೀರ್ ಬರ್ತದಲ್ಲಾ, ಸಾಕು" ಎಂದರು ಒಂದಿಬ್ಬರು.

ಚಾಚಾ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ, "ಬರ್ಕೋ" ಎಂದು ಹೇಳತೊಡಗಿದರು. ನಾನು ಬರೆದುಕೊಂಡೆ.

"ಈ ಹುಡುಗಿ ಅರ್ಧಾ ಹೇಳ್ಯಾಳ. ಅದು ಆಕಿ ತಪ್ಪು. ಆಕಿ ತಪ್ಪು ಆಕೀನೇ ಬಂದು ಹೇಳ್ಯಾಳ, ನೀವು ಹುಡುಕಿದ್ದಲ್ಲ. ಆ ಸಭಾಕ್ಕ ನಿಮ್ಮ ಬ್ಯಾಂಕಿನ ಅಧಿಕಾರಿ ಬಾಯಿನೂ ಬಂದಿದ್ರು. ನಾ ದಸ್ತಖತ್ ಮಾಡದೇ ಎದ್ದು ಹೋದದ್ದು ಅವರು ಕಣ್ಣಾರೆ ನೋಡ್ಯಾರ. ಯಾಕ ಅಂತ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರ ನಾ ಹೇಳ್ತಿದ್ದೆ. ಒಬ್ಬ ಕಲಾಯಿ ಹಾಕವ ತವರಾ ಪರಖ್ ಮಾಡಿ ನೋಡದೇ ತಗೋಳಂಗಿಲ್ಲ, ನೀವು ನಮ್ಮ ಬದುಕಿನ ಮ್ಯಾಲ ರೊಕ್ಕ ಹಾಕಾವ್ರು ಒಂದು ಹಾಳಿ ನೋಡಿ ಹಾಕಿದ್ರಿ. ಆ ತಪ್ಪು ಯಾರ ಹೆಸರಿನಾಗ ಬರೀತೀರಿ? ಬರದ್ ಕಳಸ್ರಿ. ಅಲ್ಲೀತನಾ ನಾವು ಹೌದು ಅನ್ನಂಗಿಲ್ಲ."

ಬರೆಯುವಾಗ ಅಕ್ಷರಗಳು ಮಂಜಾದವು. ನನ್ನ ತಪ್ಪನ್ನು ಅವರು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿರಲಿಲ್ಲ. ಪರರ ತಪ್ಪನ್ನು ನನ್ನ ತಲೆಗೆ ಕಟ್ಟಲೂ ಬಿಟ್ಟಿರಲಿಲ್ಲ. ಆವರೆಗೆ ನನಗೆ ಈ ಎರಡೂ ಒಟ್ಟಿಗೆ ಸಾಧ್ಯವೆಂದು ಗೊತ್ತಿರಲಿಲ್ಲ.

ಅಂತಿಮ ವರದಿಯಲ್ಲಿ ಒಂದು ಹೊಸ ಪ್ಯಾರಾ ಸೇರಿತ್ತು. ಒಪ್ಪಿಗೆಯನ್ನು ಪರಿಶೀಲಿಸದೆ ಸಾಲ ಮಂಜೂರು ಮಾಡಿದ್ದು ಬ್ಯಾಂಕಿನ ಸ್ವಂತ ಲೋಪ ಎಂದು. ದೊಡ್ಡ ಗೆಲುವೇನಲ್ಲ. ಬ್ಯಾಂಕಿನಲ್ಲಿ ಯಾರೂ ಕೆಲಸ ಕಳೆದುಕೊಳ್ಳಲಿಲ್ಲ, ಬಾವಿ ಇಂದಿಗೂ ಮುಚ್ಚಿದೆ. ಆದರೆ ಹೊಂಡ ಬಗೆದು ಹಾಸು ಹಾಕಿದರು, ವಾಡಿಗೆ ನಳ ಬಂತು. ಚಾಚಾನ ಮಗಳು ಈಗ ಕೊಡ ಹೊತ್ತು ಹೆದ್ದಾರಿ ದಾಟುವುದಿಲ್ಲ.

ಮರು ವರ್ಷ ಚಾಚಾಗೆ ಕೆಮ್ಮು ಕಟ್ಟಿಕೊಂಡಿತು. ಬೀದರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಜತೆಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಏನೂ ಇಲ್ಲ, ಆರಾಮಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆಂದು ಮಗಳು, ಅಳಿಯ ಹೇಳುತ್ತಿದ್ದರು. ಚಾಚಾ ಅದನ್ನು ನಂಬುವುದುಂಟೇ? ನನ್ನನ್ನು ಕರೆಸಿದರು.

ಬಾಗಿಲ ಬಳಿ ಮಗಳು ನನ್ನ ಕೈ ಹಿಡಿದು, ಡಾಕ್ಟರು ತೋರಿಸಿ ಹೇಳಿದ್ದ ಕೊನೆಯ ಎರಡು ಸಾಲು ಓದಬೇಡವೆಂದು ಪಿಸುದನಿಯಲ್ಲಿ ಬೇಡಿಕೊಂಡಳು. ನಾನು ಒಳಗೆ ಹೋಗಿ ಮಂಚದ ಪಕ್ಕ ಕುಳಿತು ಔಷಧಿಗಳ ಹೆಸರು, ಪರೀಕ್ಷೆಗಳ ಹೆಸರು ಎಲ್ಲ ಓದಿದೆ. ಆಮೇಲೆ ಆ ಎರಡು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದೆ. ಎರಡೂ ಶ್ವಾಸಕೋಶಗಳು ಹಾಳಾಗಿವೆ, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಯಲ್ಲಿ ನೋವಾಗದಂತೆ ನೋಡಿಕೊಳ್ಳಿ.

ಚಾಚಾ ನಿಧಾನವಾಗಿ ತಲೆ ಆಡಿಸಿದರು. ಮಗಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ನಾನೂ ಅಳುತ್ತಿದ್ದೆ. ಅಳುತ್ತಲೇ ಕೇಳಬಾರದ್ದನ್ನು ಕೇಳಿದೆ.

"ಈಗರೆ ನನ್ನ ನಂಬ್ತೀರೇನ್ರಿ ಚಾಚಾ?"

"ಇಲ್ಲ," ಅಂದರು ಅವರು ನಗುತ್ತ. ಕೆಮ್ಮು ಬಂತು, ಅದು ಇಳಿಯುವವರೆಗೆ ನನ್ನ ಕೈ ಹಿಡಿದುಕೊಂಡಿದ್ದರು. "ನಂಬಿದ್ರ ನೀ ಮತ್ತ ಅರ್ಧಾ ಓದ್ತಿ."

ಹನ್ನೊಂದು ದಿನದ ಮೇಲೆ ತೀರಿಕೊಂಡರು.

ನಾನೀಗ ಸುತ್ತಲಿನ ಊರುಗಳಿಗೆ ಇಂಥ ಕಾಗದಗಳನ್ನು ಓದಿ ಹೇಳುವ ಕೆಲಸವನ್ನೇ ಮಾಡುತ್ತೇನೆ. ಎಲ್ಲೋ ಒಂದು ಬ್ಯಾಂಕು, ಇಲ್ಲೊಂದು ಯೋಜನೆ, ನಡುವೆ ಹಾಳೆಗಳು. ಜನರಿಗೆ ನನ್ನ ಮೇಲೆ ಬಹಳ ಗೌರವ. "ಓದೂದು ಬ್ಯಾಡ್ರಿ ಮೇಡಂ, ನೀವು ಹೇಳಿದ್ರ ಮುಗೀತು" ಎಂದು ಪೆನ್ನಿಗೆ ಕೈಚಾಚುತ್ತಾರೆ. ನಾನು ಹಾಳೆಯನ್ನು ಹಿಂದಕ್ಕೆಳೆದುಕೊಳ್ಳುತ್ತೇನೆ, ಮೊದಲಿನಿಂದ ಓದುತ್ತೇನೆ. ಅವರು ಆಕಳಿಸುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಈ ಸೀಮೆಯಲ್ಲಿ ಈಗ ನನ್ನನ್ನು ಸಂಶಯಪಡುವವರು ಒಬ್ಬರೂ ಉಳಿದಿಲ್ಲ. ನನಗೆ ಅದರದೇ ಭಯ.